ನಿವಾಳಿಸಿದ ಕಾಯಿ

ಹನ್ನೊಂದು ಗೋಲು ಎಂದು ನಾನು ಹೇಳುತ್ತೇನೆ. ಅರಸೀಕೆರೆಯಲ್ಲಿ ಈಗ ಯಾರನ್ನು ಕೇಳಿದರೂ ಹದಿಮೂರು ಎನ್ನುತ್ತಾರೆ. ಪಂದ್ಯ ಮುಗಿದ ಸಂಜೆ ಸ್ಟೇಷನ್ ರಸ್ತೆಯ ಟೀ ಅಂಗಡಿಯಲ್ಲಿ ಅದು ಹನ್ನೊಂದೇ ಇತ್ತು. ವಾರ ಕಳೆಯುವಷ್ಟರಲ್ಲಿ ಹನ್ನೆರಡಾಯಿತು. ಸಂಕ್ರಾಂತಿಯ ಹೊತ್ತಿಗೆ ಹದಿಮೂರಕ್ಕೆ ಬಂದು ನಿಂತಿತು. ರೆಫರಿ ಬರೆದುಕೊಂಡ ಹಾಳೆ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಹುಡುಕಬೇಕೆಂದು ಯಾರಿಗೂ ಅನ್ನಿಸಿಲ್ಲ.

ನಾನು ಇತಿಹಾಸ ಪಾಠ ಮಾಡುವವನು. ಮೈಸೂರಿನಲ್ಲಿ ಎಂ.ಎ. ಮಾಡಿ, ಒಂದಷ್ಟು ವರ್ಷ ಅಲ್ಲಿ ಇಲ್ಲಿ ಅಲೆದು, ನಾನು ಓದಿದ ಕಾಲೇಜಿನಲ್ಲೇ ಅತಿಥಿ ಉಪನ್ಯಾಸಕನಾಗಿ ಸೇರಿಕೊಂಡೆ. ಕಣ್ಣಾರೆ ಕಂಡವನ ಮಾತನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ವರ್ಷಕ್ಕೊಮ್ಮೆ ತರಗತಿಯಲ್ಲಿ ಹೇಳುತ್ತೇನೆ. ಹುಡುಗರು ಅದನ್ನು ನಂಬಿ ನೋಟ್ಸಿನಲ್ಲಿ ಬರೆದುಕೊಳ್ಳುತ್ತಾರೆ. ನನ್ನ ನೆನಪನ್ನು ನಾನೇ ಹೀಗೆ ಪರೀಕ್ಷಿಸಬೇಕಾಗಿ ಬಂದದ್ದು ಮಾತ್ರ ಆ ಪಂದ್ಯದ ನಂತರ.

ನಮ್ಮ ಊರಿಗೆ ಫುಟ್‌ಬಾಲ್ ರೈಲಿನ ಜೊತೆ ಬಂತು ಎನ್ನುತ್ತಾರೆ. ದಾಖಲೆ ಏನೂ ಇಲ್ಲ. ಆದರೆ ಸುತ್ತಲ ಊರುಗಳಲ್ಲಿ ಕಬಡ್ಡಿ, ವಾಲಿಬಾಲ್ ಆಡುವಾಗ ನಮ್ಮ ಹುಡುಗರು ಹಳಿಯ ಪಕ್ಕದ ಕೆಂಪು ಮೈದಾನದಲ್ಲಿ ಚೆಂಡು ಒದೆಯುತ್ತಿದ್ದದ್ದು ನಿಜ. ಹಾಗಾಗಿ ಕಾಲೇಜುಗಳ ಪಂದ್ಯಾವಳಿ ಬಂದರೆ ಊರಿಗೆ ಊರೇ ಬರುತ್ತಿತ್ತು. ಮಂಡಿಗಳ ಬಾಗಿಲು ಅರ್ಧ ಎಳೆದು, ಕೊಬ್ಬರಿ ವ್ಯಾಪಾರದವರು ಸ್ಕೂಟರಿನಲ್ಲಿ ಬಂದು ಗೋಲಿನ ಹಿಂದೆ ನಿಲ್ಲುತ್ತಿದ್ದರು. ಬರುವಾಗ ಕಾಯಿ ತರುತ್ತಿದ್ದರು.

ನಮ್ಮವರು ಗೋಲು ಹೊಡೆದರೆ ಈಡುಗಾಯಿ ಒಡೆಯುವುದು ನಮ್ಮಲ್ಲಿ ವಾಡಿಕೆ. ಹುಣಸೆ ಮರದ ಕಡೆಯ ಗೋಲ್‌ಪೋಸ್ಟಿನ ಬುಡದಲ್ಲಿ ಅರ್ಧ ಹೂತ ಒಂದು ಕಲ್ಲಿದೆ. ಗಣಪತಿಯ ಹೆಸರು ಹೇಳಿ ಅದಕ್ಕೆ ಕಾಯಿ ಅಪ್ಪಳಿಸುವುದು, ಚೂರುಗಳನ್ನು ಆಯ್ದು ಎಲ್ಲರೂ ತಿನ್ನುವುದು. ಇದಕ್ಕೆ ಯಾರೂ ಬರೆಯದ ಒಂದು ಕಟ್ಟುನಿಟ್ಟೂ ಇತ್ತು: ಒಂದು ಚೂರು ಚಿಪ್ಪೂ ಮೈದಾನದಲ್ಲಿ ಉಳಿಯಬಾರದು. ಬರಿಗಾಲಲ್ಲಿ ಆಡುವವರಿದ್ದ ಕಾಲದ ಕಟ್ಟು ಅದು. ಪಂದ್ಯಕ್ಕೆ ಒಂದೋ ಎರಡೋ ಗೋಲು ಬೀಳುತ್ತಿದ್ದುದರಿಂದ ಪಾಲಿಸುವುದು ಕಷ್ಟವೂ ಆಗಿರಲಿಲ್ಲ. ಎರಡು ಕಾಯಿಗೆ ಇನ್ನೂರು ಕೈ.

ಎರಡು ವರ್ಷದ ಹಿಂದೆ, ಕಾರ್ತಿಕದ ಒಂದು ಮಧ್ಯಾಹ್ನ, ಬೇಲೂರು ಕಡೆಯ ಒಂದು ಕಾಲೇಜಿನ ತಂಡ ನಮ್ಮ ಮೇಲೆ ಆಡಲು ಬಂತು. ಅವರಲ್ಲಿ ಫುಟ್‌ಬಾಲ್ ಆಡುವವರು ಮೂರೋ ನಾಲ್ಕೋ ಜನ. ಉಳಿದವರು ಕಬಡ್ಡಿಯವರು, ಹೆಸರು ಕೊಟ್ಟ ಮೇಲೆ ತಂಡ ಕಳಿಸಲೇಬೇಕು ಎಂದು ಬಸ್ ಹತ್ತಿಸಿದವರು. ಗೋಲಿಗೆ ನಿಂತವನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಹುಡುಗ, ಕೊನೆಯ ವರ್ಷದ ಬಿ.ಎ., ಎತ್ತರದ ಆಳು, ಕೈಗೆ ಗ್ಲೌಸ್ ಕೂಡ ಇರಲಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಅವತ್ತು ನಮಗೆ ಅವನು ಬರೀ ಎದುರು ಗೋಲ್‌ಕೀಪರ್.

ಕಾಯಿ ತಂದವನು ನನ್ನ ಸಹಪಾಠಿ. ಈಗ ತೆಂಗಿನ ಮಂಡಿಯ ಮಾಲೀಕ, ಕಾಲೇಜಿನ ಅಭಿವೃದ್ಧಿ ಸಮಿತಿಯ ಸದಸ್ಯ. ಅವತ್ತು ಅರ್ಧ ಚೀಲ ತಂದಿದ್ದ.

"ಏನ್ಲಾ ಇಷ್ಟೊಂದು?" ಎಂದು ಯಾರೋ ಕೇಳಿದರು.

"ಬೇಲೂರ್ ಕಡೆಯೋರು ಕಣೋ. ಸಾಲ್ದೆ ಬಂದ್ರೆ ಮಂಡಿಗೆ ಫೋನ್ ಹಾಕ್ತೀನಿ."

ಅರ್ಧ ಆಟಕ್ಕೆ ಐದು ಗೋಲು. ಆ ಐದು ಕಾಯಿಗಳನ್ನು ಪ್ರತಿ ಸಲ ದೂರದ ತುದಿಯ ಕಲ್ಲಿನವರೆಗೆ ಹೋಗಿ ಒಡೆದದ್ದು, ಚೂರು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ. ನಾಲ್ಕನೆಯದಕ್ಕೆ ಬರುವಾಗಲೇ ಬಾಯಿ ಸಪ್ಪೆಯಾಗಿತ್ತು. ಮಧ್ಯಂತರದ ನಂತರ ತಂಡಗಳು ಬದಿ ಬದಲಿಸಿದವು. ಬಸ್ತಿಹಳ್ಳಿಯ ಹುಡುಗ ಹುಣಸೆ ಮರದ ಕಡೆಯ ಗೋಲಿಗೆ, ಕಲ್ಲಿದ್ದ ಕಡೆಗೆ ಬಂದ. ನಾವೂ ಮೈದಾನ ಸುತ್ತಿ ಅವನ ಬೆನ್ನಿಗೆ ಬಂದು ನಿಂತೆವು.

ಆಮೇಲೆ ನಡೆದದ್ದನ್ನು ಗೆಲುವಿನ ಸಂಭ್ರಮ ಎನ್ನುವುದು ಕಷ್ಟ. ಗೆಲುವು ಮುಗಿದು ಬಹಳ ಹೊತ್ತಾಗಿತ್ತು. ಏನಾದರೂ ಹೊಸದು ಬೇಕಿತ್ತು.

"ಶಿಲಾಬಾಲಿಕೆ ಕಣ್ರೋ! ನಿಂತ ಭಂಗಿ ನೋಡ್ರೋ!"

"ಕನ್ನಡಿ ಕೊಡ್ರಲೇ ಅವ್ನ ಕೈಗೆ!"

"ಹಳೇಬೀಡಿನ ನಂದಿ ಅದು, ಕೂತ ಜಾಗ ಬಿಟ್ಟು ಏಳಲ್ಲ!"

ಈ ಕೊನೆಯ ಮಾತು ಹಿಡಿದುಕೊಂಡಿತು. 'ನಂದಿ, ನಂದಿ' ಎಂದು ನೂರಾರು ಜನ ತಾಳ ಹಾಕಿ ಕೂಗಿದರು. ಮೊದಲು ಕೂಗಿದವನು ಯಾರೋ ಡಿಪ್ಲೊಮಾ ಹುಡುಗ ಎಂದೇ ನಾನು ಒಂದು ವಾರ ನಂಬಿಕೊಂಡಿದ್ದೆ. ವಾರ ಕಳೆದ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಹೊಗಳುವ ದನಿಯಲ್ಲೇ ಹೇಳಿದಳು: "ಸಾರ್, ನಂದಿ ಅಂತ ಫಸ್ಟ್ ಕೂಗಿದ್ದು ನೀವೇ ಅಲ್ವಾ? ಸಖತ್ತಾಗಿತ್ತು." ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲೇ ಅನುಮಾನ ಬಂತು. ಗುಂಪಿನಲ್ಲಿ ಅಂಥ ಮಾತು ಹೊಳೆಯುವವನು ಇತಿಹಾಸದ ಮೇಷ್ಟ್ರಲ್ಲದೆ ಇನ್ಯಾರು?

ಆರನೆಯ ಗೋಲು ಬಿತ್ತು. ಏಳನೆಯದೂ ಬಿತ್ತು. ಕಲ್ಲಿಗೆ ಕಾಯಿ ಅಪ್ಪಳಿಸಿದಾಗ ಚೂರುಗಳು ಗೋಲಿನ ಒಳಗೂ ಅವನ ಕಾಲ ಸುತ್ತಲೂ ಹಾರಿ ಬೀಳುತ್ತಿದ್ದವು. ಯಾರೂ ಬಗ್ಗಲಿಲ್ಲ. ಹೊಟ್ಟೆ ತುಂಬಿತ್ತು. ಆಯಬೇಕು ಎಂಬ ಯೋಚನೆ ನನಗೂ ಬರಲಿಲ್ಲ, ಅಥವಾ ಬಂದು ಹೋಯಿತೋ ತಿಳಿಯದು.

ಅವನು ಒಮ್ಮೆ ನಮ್ಮ ಕಡೆ ತಿರುಗಿದ. "ಅಣ್ಣಾ, ವಸಿ ಚಿಪ್ಪು ತೆಗಿರಣ್ಣ. ಬಿದ್ರೆ ಕುಯ್ತದೆ."

"ನೀನು ಬಿದ್ರೆ ತಾನೆ ಕುಯ್ಯೋದು? ಏಳು ಗೋಲಿಗೆ ಒಂದ್ಸಲ ಬಿದ್ದಿದೀಯ ಏನ್ಲಾ?" ಎಂದ ನನ್ನ ಗೆಳೆಯ. ನಕ್ಕರು. ನಾನೂ ನಕ್ಕೆ. ಇದು ಮಾತ್ರ ನನಗೆ ಅನುಮಾನವಿಲ್ಲದೆ ನೆನಪಿದೆ, ಯಾಕೆಂದರೆ ನಗುವಾಗ ಕನ್ನಡಕ ಜಾರಿ ಅದನ್ನು ಹಿಡಿದುಕೊಂಡಿದ್ದೆ.

ಚೆಂಡು ಮೈದಾನದ ಆ ತುದಿಯಲ್ಲಿದ್ದಾಗ ಅವನೇ ಬಗ್ಗಿ ಚಿಪ್ಪು ಆಯತೊಡಗಿದ. ಅಂಗಿಯ ಮುಂಭಾಗವನ್ನು ಮಡಿಲಿನಂತೆ ಹಿಡಿದು ಒಂದೊಂದೇ ತುಂಬಿಕೊಳ್ಳುತ್ತಿದ್ದ. ನಮ್ಮ ಹುಡುಗನೊಬ್ಬ ಅರ್ಧ ಮೈದಾನದಿಂದ ಸುಮ್ಮನೆ ಒದ್ದ ಚೆಂಡು ಎರಡು ಸಲ ಪುಟಿದು, ಬಗ್ಗಿದವನ ಪಕ್ಕದಲ್ಲೇ ಉರುಳಿ ಒಳಗೆ ಹೋಯಿತು. ಅವನು ತಲೆ ಎತ್ತಿದಾಗ ಮಡಿಲಲ್ಲಿ ಚಿಪ್ಪು ಹಾಗೇ ಇತ್ತು. ಆ ದೃಶ್ಯದ ವಿಡಿಯೋ ಸಂಜೆಯೊಳಗೆ ತಾಲೂಕಿನ ಎಲ್ಲ ಫೋನುಗಳಲ್ಲಿತ್ತು. ಯಾರೋ ಅದಕ್ಕೆ ಸೋಬಾನೆಯ ಹಾಡು ಸೇರಿಸಿದ್ದರು, ಮಡಿಲು ತುಂಬಿಸಿಕೊಂಡ ಮದುಮಗಳು ಎಂದು.

ಇದಾದ ಮೇಲೆ ಅವನು ಚಿಪ್ಪಿನ ಕಡೆ ನೋಡಲಿಲ್ಲ. ಪ್ರತಿ ಚೆಂಡಿಗೂ ಬಿದ್ದ. ಹತ್ತನೆಯದಕ್ಕೆ ಬಲಕ್ಕೆ ಹಾರಿ ಬಿದ್ದವನು ಏಳಲಿಲ್ಲ. ಮಂಡಿಯೂರಿ ಕುಳಿತು ಬಲಗೈ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದಿದ್ದ. ಅಂಗೈಯ ಅಡ್ಡಕ್ಕೆ ಸೀಳಿತ್ತು. ನಾನು ಹತ್ತು ಅಡಿ ದೂರದಲ್ಲಿದ್ದೆ.

ಆಗ ನನ್ನ ಗೆಳೆಯ ಹತ್ತನೆಯ ಕಾಯಿ ಹಿಡಿದು ಹೋದ. ಕಲ್ಲಿನ ಬಳಿ ಹೋದವನು ಅಪ್ಪಳಿಸಲಿಲ್ಲ. "ಪಾಪ, ದೃಷ್ಟಿ ಆಗೈತೆ ಕಣ್ರೋ ನಂದಿಗೆ," ಎಂದು ಹೇಳಿ, ಮಂಡಿಯೂರಿದ್ದವನ ತಲೆಯ ಸುತ್ತ ಕಾಯಿ ನಿವಾಳಿಸತೊಡಗಿದ. ಮನೆಯಲ್ಲಿ ಮಗುವಿಗೆ, ಹೊಸ ಸೊಸೆಗೆ, ಹೊಸ ಲಾರಿಗೆ ನಿವಾಳಿಸುವ ಹಾಗೆ. ಗುಂಪು ಎಣಿಸಿತು: "ಒಂದು! ಎರಡು!" ಮೂರನೆಯ ಸುತ್ತಿನಲ್ಲಿ ಕಾಯಿ ಅವನ ಕಿವಿಯ ಮೇಲಕ್ಕೆ ಬಡಿಯಿತು. ಠಕ್ ಎಂದು ಕೇಳಿಸಿತು. ಹೀಗೆಂದು ನನ್ನ ನೆನಪು.

ಹುಡುಗ ಎದ್ದು ಗೆಳೆಯನ ಎದೆಗೆ ಎರಡೂ ಕೈ ಕೊಟ್ಟು ತಳ್ಳಿದ. ಬಿಳಿ ಅಂಗಿಯ ಮೇಲೆ ರಕ್ತದ ಅಂಗೈ ಗುರುತು ಮೂಡಿತು. ಗೆಳೆಯ ಹಿಮ್ಮುಖವಾಗಿ ಎಡವಿ, ತಿರುಗಿ, ಹಣೆ ಆ ಕಲ್ಲಿಗೇ ತಾಗುವಂತೆ ಬಿದ್ದ. ಎಂಟು ಹೊಲಿಗೆ. ರೆಫರಿ ಹುಡುಗನಿಗೆ ಕೆಂಪು ಕಾರ್ಡು ತೋರಿಸಿದ. ಅವರಲ್ಲೊಬ್ಬ ಕಬಡ್ಡಿ ಹುಡುಗ ಗೋಲಿಗೆ ನಿಂತ. ಇನ್ನೊಂದು ಗೋಲು ಬಿತ್ತು. ಅದಕ್ಕೂ ಕಾಯಿ ಒಡೆದರು.

ಮೆರವಣಿಗೆ ಪೇಟೆ ಬೀದಿಯಲ್ಲಿ ಹೋಯಿತು. ತಮಟೆ, ಪಟಾಕಿ, ತಲೆಗೆ ಬ್ಯಾಂಡೇಜ್ ಸುತ್ತಿದ ಗೆಳೆಯ ಟೆಂಪೋದ ಮೇಲೆ. ಗೋಲು ಹೊಡೆದವರಿಗಿಂತ ಅವನಿಗೇ ಹೆಚ್ಚು ಹಾರ ಬಿದ್ದವು. ಮಾರನೆಯ ದಿನ ಅವನು ಠಾಣೆಯಲ್ಲಿ ದೂರು ಕೊಟ್ಟ. ಸೋತ ಅವಮಾನಕ್ಕೆ ವಿನಾಕಾರಣ ಹಲ್ಲೆ ಮಾಡಿದನೆಂದು. ವಿಡಿಯೋ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ತಳ್ಳಿದ್ದು ಇತ್ತು, ಬಿದ್ದದ್ದು ಇತ್ತು. ನಿವಾಳಿಸಿದ್ದು ಎರಡು ಸುತ್ತಿನವರೆಗೆ ಒಬ್ಬನ ಫೋನಿನಲ್ಲಿತ್ತು. ಮೂರನೆಯ ಸುತ್ತಿಗೆ ಅವನೂ ಎಣಿಸುತ್ತಾ ಕೈ ಮೇಲೆತ್ತಿ ಕುಣಿದಿದ್ದ. ಫೋನಿನಲ್ಲಿ ಹುಣಸೆ ಮರ, ಆಕಾಶ, ಕಿರುಚಾಟ. ಆ ಕಿರುಚಾಟದಲ್ಲಿ ಠಕ್ ಎಂಬ ಸದ್ದಿಗಾಗಿ ನಾನು ಎಷ್ಟು ಸಲ ಕಿವಿಗೆ ಒತ್ತಿ ಕೇಳಿದೆನೋ ಲೆಕ್ಕವಿಲ್ಲ. ಕೆಲವು ಸಲ ಕೇಳಿಸಿತು.

ಹತ್ತು ಹನ್ನೆರಡು ದಿನದ ನಂತರ ಹುಡುಗನ ಅಕ್ಕ ಕಾಲೇಜಿಗೆ ಬಂದಳು. ಬೇಲೂರಿನಲ್ಲಿ ತಾಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕಾಗದಗಳ ವಿಷಯ ನನಗಿಂತ ಚೆನ್ನಾಗಿ ತಿಳಿದವಳು. ಪ್ಲಾಸ್ಟಿಕ್ ಫೈಲಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಒಂದು ದೂರಿನ ಪ್ರತಿ. ಇನ್ನೊಂದು, ತಮ್ಮ ಕಾನ್‌ಸ್ಟೇಬಲ್ ಪರೀಕ್ಷೆ ಪಾಸಾಗಿ, ಓಟ, ಎತ್ತರ ಜಿಗಿತ ಎಲ್ಲ ಮುಗಿಸಿದ್ದ ಪಟ್ಟಿ.

"ಇನ್ನು ಪೊಲೀಸ್ ವೆರಿಫಿಕೇಷನ್ ಒಂದೇ ಉಳಿದಿರೋದು ಸಾರ್. ಕೇಸ್ ಇದ್ರೆ ಕೆಲಸ ಕೊಡಲ್ಲ. ಕಾಯಲ್ಲಿ ಮೊದಲು ಹೊಡೆದದ್ದು ಅವರು ಅಂತ ಅರಸೀಕೆರೆಯೋರು ಒಬ್ರು ಹೇಳಿದ್ರೂ ಸಾಕು, ಇನ್‌ಸ್ಪೆಕ್ಟರ್ ರಾಜಿ ಮಾಡಿಸ್ತೀನಿ ಅಂದವ್ರೆ."

"ನನ್ನ ಹತ್ರಾನೇ ಯಾಕಮ್ಮ ಬಂದ್ರಿ?"

"ನನ್ ತಮ್ಮನೇ ಹೇಳಿದ್ದು. ಅಷ್ಟು ಜನದಲ್ಲಿ ಕನ್ನಡಕದ ಮೇಷ್ಟ್ರು ಒಬ್ರೇ ನಗ್ಲಿಲ್ಲ ಅಂತ."

ನಾನು ಕಿಟಕಿಯ ಕಡೆ ನೋಡಿದೆ. ಅವನ ನೆನಪು ತಪ್ಪು. ನಾನು ನಕ್ಕಿದ್ದೆ. ಬಹುಶಃ ನಂದಿ ಎಂದು ಕೂಗಿದ್ದೆ. ನನ್ನ ವಿಷಯದಲ್ಲಿ ಇಷ್ಟು ತಪ್ಪಿದವನು ಕಾಯಿಯ ವಿಷಯದಲ್ಲಿ ಸರಿ ಇದ್ದಾನೆಂದು ಹೇಗೆ ಹೇಳುವುದು? ಆ ಕ್ಷಣದಲ್ಲಿ ನನಗೆ ಹೊಳೆದದ್ದು ಈ ತರ್ಕ. ಅದು ಎಷ್ಟು ಬೇಗ ಹೊಳೆಯಿತು ಎಂಬುದೇ ಈಗ ನನಗೆ ಹೇಸಿಗೆ.

"ನೋಡಿದ್ದು ಹೇಳ್ತೀನಿ," ಎಂದೆ.

"ಅಷ್ಟೇ ಸಾರ್. ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ," ಎಂದು ಕಾಗದಗಳನ್ನು ಫೈಲಿಗೆ ಸೇರಿಸಿದಳು.

ಅವಳು ಬಂದು ಹೋದ ಸುದ್ದಿ ಗೆಳೆಯನಿಗೆ ಮುಟ್ಟಿತ್ತು. ಎರಡು ದಿನ ಬಿಟ್ಟು ನಾನೇ ಅವನ ಮಂಡಿಗೆ ಹೋದೆ. ಸುಲಿದ ಕೊಬ್ಬರಿಯ ಗುಡ್ಡೆಯ ಪಕ್ಕ ಕೂತಿದ್ದ. ಹಣೆಯ ಹೊಲಿಗೆ ಬಿಚ್ಚಿದ್ದರು.

"ಬಾರಪ್ಪ ಮೇಷ್ಟ್ರೇ. ಕಂಪ್ಲೇಂಟ್ ವಾಪಸ್ ತಗೋ ಅನ್ನೋಕೆ ಬಂದಿದೀಯ?"

"ಕಾಯಿ ತಾಗ್ತೇನೋ ಅವನಿಗೆ? ನಿಜ ಹೇಳು."

"ನಂಗೇನ್ ಗೊತ್ತು? ಹಿಂದಿನಿಂದ ಅಷ್ಟು ಜನ ನೂಕ್ತಿದ್ರು. ತಾಗಿದ್ರೂ ತಾಗಿರ್ಬೋದು. ಬೇಕು ಅಂತ ಹೊಡಿಲಿಲ್ಲ ಕಣೋ."

"ಅದನ್ನೇ ಸ್ಟೇಷನ್ನಲ್ಲಿ ಹೇಳು."

"ಯಾಕೆ? ಎಂಟು ಹೊಲಿಗೆ ಹಾಕಿಸ್ಕೊಂಡಿರೋನು ನಾನು. ಆ ಹುಡ್ಗ ಬರ್ಲಿ, ಅದೇ ಮೈದಾನ್ದಲ್ಲಿ ಎಲ್ರ ಮುಂದೆ ಕಾಲಿಗೆ ಬೀಳ್ಲಿ. ಅವತ್ತೇ ಬಿಟ್ಬಿಡ್ತೀನಿ." ಆಮೇಲೆ ಚಹಾ ತರಿಸಿದ. "ನೀನು ನೋಡಿದ್ದು ನೋಡ್ದಂಗೆ ಹೇಳಪ್ಪ. ನಂದೇನೂ ಅಡ್ಡಿ ಇಲ್ಲ. ಮುಂದಿನ್ ವರ್ಷಾನೂ ಇಲ್ಲೇ ಇರ್ತೀಯ ತಾನೆ?"

ಅದು ಬೆದರಿಕೆಯೋ ಉಪಚಾರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತಿಥಿ ಉಪನ್ಯಾಸಕರನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಚಹಾ ಕುಡಿದು ಬಂದೆ.

ಹುಡುಗ ಕಾಲಿಗೆ ಬೀಳಲು ಬರಲಿಲ್ಲ.

ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡವರು ವಯಸ್ಸಾದ ಹೆಡ್ ಕಾನ್‌ಸ್ಟೇಬಲ್. ಒಳ್ಳೆಯ ಮನುಷ್ಯ, ಅಕ್ಷರ ದುಂಡಗೆ. ನಾನು ಗೋಲು, ಚಿಪ್ಪು, ನಿವಾಳಿಸಿದ್ದು ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಬರೆದರು. ಮೂರನೆಯ ಸುತ್ತಿಗೆ ಬಂದಾಗ ಪೆನ್ನು ನಿಂತಿತು.

"ತಾಗ್ತು ಅಂತೀರೋ, ತಾಗ್ಲಿಲ್ಲ ಅಂತೀರೋ ಮೇಷ್ಟ್ರೇ?"

"ತಾಗಿದ ಹಾಗೆ ನೆನಪು. ಸದ್ದು ಕೇಳಿಸಿದ ಹಾಗೆ. ಆದರೆ ಖಚಿತವಾಗಿ ಹೇಳಲಾರೆ."

"ಹಾಗೆ ಹೀಗೆ ಅಂತ ಬರಿಯೋಕಾಗಲ್ಲ ಸಾರ್. ಕಣ್ಣಲ್ಲಿ ನೋಡಿದ್ರಾ?"

ಹೌದು ಎಂಬ ಒಂದು ಮಾತು. ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಊರಿನ ನೂರಾರು ಜನ ನೋಡದ್ದನ್ನೂ ನೋಡಿದೆವೆಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದರು. ಆಗಲೇ ಹನ್ನೆರಡಾಗಿದ್ದ ಅವರ ಗೋಲುಗಳ ಮುಂದೆ ನನ್ನ ಒಂದು ಸದ್ದು ಎಷ್ಟರದು? ನಾನು ಕಲಿತ ವಿದ್ಯೆಗೆ ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡೆ. ಮಂಡಿಯಲ್ಲಿ ಗೆಳೆಯ ತಾಗಿರಬಹುದು ಎಂದದ್ದನ್ನು ಹೇಳಬೇಕೆಂದು ಹೊಳೆದಿತ್ತೋ ಇಲ್ಲವೋ, ಹೇಳಲಿಲ್ಲ.

"ಇಷ್ಟೇ ಹೇಳಬಲ್ಲೆ," ಎಂದೆ.

ಅವರು ಬರೆದು ಓದಿದರು: "ತೆಂಗಿನಕಾಯಿ ಆರೋಪಿಯ ತಲೆಗೆ ತಾಗಿದ್ದನ್ನು ನಾನು ಕಂಡಿರುವುದಿಲ್ಲ."

ನಾನು ಹಾಗೆ ಹೇಳಿರಲಿಲ್ಲ. ಹಾಗೆ ಹೇಳಲಿಲ್ಲ ಎಂದೂ ಹೇಳಲಿಲ್ಲ. ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದೆ. "ಇದಕ್ಕೆ ಸಹಿ ಬೇಡ ಸಾರ್, ಹೊರಡಿ," ಎಂದರು. ಹೊರಗೆ ಬಂದಾಗ ಹಗುರವಾಗಿತ್ತು. ಬಸ್ ಸ್ಟ್ಯಾಂಡಿನ ಬಳಿ ನಿಂತು ಬಾಳೆಹಣ್ಣು ತಿಂದೆ.

ದೋಷಾರೋಪ ಪಟ್ಟಿ ಕೋರ್ಟಿಗೆ ಹೋಯಿತು. ಸಾಕ್ಷಿಗಳಲ್ಲಿ ನಾನು ಮೂರನೆಯವನು, ಹುಡುಗನ ವಿರುದ್ಧದ ಸಾಕ್ಷಿ. ಬೇಸಿಗೆಯಲ್ಲಿ ಕಾನ್‌ಸ್ಟೇಬಲ್‌ಗಳ ಕೊನೆಯ ಪಟ್ಟಿ ಬಂತು. ಕಾಲೇಜಿನ ಕಂಪ್ಯೂಟರಿನಲ್ಲಿ ಎರಡು ಸಲ ಮೇಲಿಂದ ಕೆಳಗೆ ನೋಡಿದೆ. ಅವನ ನಂಬರ್ ಇರಲಿಲ್ಲ.

ಅವನನ್ನು ನೋಡಲು ಹೋಗಲು ನನಗೆ ಮತ್ತೂ ಐದು ತಿಂಗಳು ಬೇಕಾಯಿತು. ಒಂದು ಭಾನುವಾರ ಜಾವಗಲ್ ಮೇಲಿನ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಬಸ್ತಿಹಳ್ಳಿಯಲ್ಲಿ ಮನೆ ಕೇಳಿದರೆ, ಬೇಲೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿದ್ದಾನೆ ಹೋಗಿ ಎಂದರು. ಇದ್ದ. ಬಂಕಿನ ನೀಲಿ ಅಂಗಿ, ಬಲ ಅಂಗೈಯಲ್ಲಿ ಅಡ್ಡಕ್ಕೆ ಬಿಳಿ ಗೆರೆ. ನನ್ನನ್ನು ಕಂಡ ಕೂಡಲೇ ಗುರುತಿಸಿದ.

"ಬನ್ನಿ ಸಾರ್. ದೇವಸ್ಥಾನಕ್ಕೆ ಬಂದಿದ್ರಾ?"

"ಇಲ್ಲ. ನಿನ್ನ ನೋಡೋಕೇ ಬಂದೆ."

ಅವನು ಪೆಟ್ರೋಲ್ ಪೈಪನ್ನು ಯಂತ್ರಕ್ಕೆ ಸಿಕ್ಕಿಸಿದ. ಆಮೇಲೆ, "ನಿಮ್ಮ ಹೇಳಿಕೆ ಓದ್ದೆ. ವಕೀಲ್ರು ಕೊಟ್ಟಿದ್ರು, ಅಕ್ಕ ಕಾಪಿ ಮಾಡ್ಕೊಂಡ್ ಬಂದಿದ್ಲು. ಕಂಡಿರೋದಿಲ್ಲ ಅಂತ ಐತೆ."

"ನಾನು ಹಾಗೆ ಹೇಳಿರಲಿಲ್ಲ ಕಣಪ್ಪ. ಖಚಿತ ಇಲ್ಲ ಅಂದಿದ್ದೆ."

"ಎರಡಕ್ಕೂ ಏನ್ ವ್ಯತ್ಯಾಸ ಆಯ್ತು ಸಾರ್ ನಂಗೆ?" ಕೋಪದಿಂದಲ್ಲ, ತಿಳಿಯದೆ ಕೇಳುವ ಹಾಗೆ ಕೇಳಿದ.

ಅವನಿಗೆ ಇನ್ನೊಂದು ವಿಷಯ ಹೇಳಬೇಕೆಂದು ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹೇಳಿದೆ. "ನಾನು ನಗಲಿಲ್ಲ ಅಂತ ನಿಮ್ಮ ಅಕ್ಕನ ಹತ್ರ ಹೇಳಿದ್ಯಂತೆ. ನಕ್ಕಿದ್ದೆ. ನಂದಿ ಅಂತ ಕೂಗಿದವನೂ ನಾನೇ ಅಂತ ಕಾಣುತ್ತೆ."

"ಗೊತ್ತು ಸಾರ್."

"ಗೊತ್ತಾ?"

"ನನ್ ಬೆನ್ ಹಿಂದೇನೇ ಇದ್ರಲ್ಲ ನೀವು. ಎಲ್ರೂ ನಗ್ತಿದ್ರು. ಹಂಗಂತ ಹೇಳಿ ಕಳಿಸಿದ್ರೆ ನೀವು ಹೇಳ್ಕೆ ಕೊಡ್ತಿದ್ರಾ?" ಅವನ ಮುಖದಲ್ಲಿ ಸಣ್ಣದೊಂದು ನಾಚಿಕೆ ಬಂದು ಹೋಯಿತು. "ನಗ್ಲಿಲ್ಲ ಅಂದ್ರೆ ಮೇಷ್ಟ್ರಿಗೆ ಮನಸ್ಸು ಬರ್ಬೋದು ಅಂತ ನಾನೇ ಅಂದೆ. ಅಕ್ಕಂಗೆ ಗೊತ್ತಿಲ್ಲ."

ಯಾವ ಒಂದು ತಪ್ಪು ನೆನಪನ್ನು ಹಿಡಿದು ನಾನು ಅವನನ್ನು ಅನುಮಾನಿಸಿದ್ದೆನೋ, ಅದು ನೆನಪೇ ಆಗಿರಲಿಲ್ಲ. ಕೈಯಲ್ಲಿ ಏನೂ ಇಲ್ಲದವನು ನನ್ನ ಒಳ್ಳೆಯತನಕ್ಕೆ ಹಾಕಿದ ಒಂದು ಅರ್ಜಿಯಾಗಿತ್ತು.

"ಕೋರ್ಟಲ್ಲಿ ಮತ್ತೆ ಕರೀತಾರೆ," ಎಂದೆ. "ಅಲ್ಲಿ ಹೇಳ್ತೀನಿ. ಕಾಯಿ ತಾಗ್ತು ಅಂತ."

"ಕೇಸ್ ಬಿದ್ದೋದ್ರೆ ಇನ್ನೊಂದ್ಸಲ ಪರೀಕ್ಷೆ ಬರೀಬೋದು. ವಯಸ್ಸಿಗೆ ಇನ್ನೆರಡು ವರ್ಷ ಐತೆ," ಎಂದ. ಆಮೇಲೆ ನನ್ನನ್ನೇ ನೋಡಿ, "ಆ ಕಡೆ ವಕೀಲ್ರು ಕೇಳ್ತಾರೆ ಸಾರ್, ಅವತ್ತು ಕಾಣ್ಲಿಲ್ಲ ಅಂದೋರಿಗೆ ಇವತ್ತು ಹೆಂಗ್ ಕಾಣ್ತು ಅಂತ. ಏನ್ ಹೇಳ್ತೀರಾ?"

ಒಂದು ಕಾರು ಬಂತು. ಅವನು ಹೋದ. ನಾನು ಗಾಳಿ ಹಾಕುವ ಯಂತ್ರದ ಪಕ್ಕ ನಿಂತು ಕಣ್ಣು ಮುಚ್ಚಿ ಆ ಮಧ್ಯಾಹ್ನಕ್ಕೆ ಹೋಗಲು ನೋಡಿದೆ. ಒಂದು, ಎರಡು ಎಂದು ಗುಂಪು ಎಣಿಸುವುದು ಕೇಳುತ್ತದೆ. ಗೆಳೆಯನ ಕೈ ತಿರುಗುವುದು ಕಾಣುತ್ತದೆ. ಮೂರನೆಯದಕ್ಕೆ ಬಂದರೆ ಈಗ ಫೋನಿನ ವಿಡಿಯೋದಂತೆ ಹುಣಸೆ ಮರ ಮತ್ತು ಆಕಾಶ ಮಾತ್ರ ಬರುತ್ತದೆ. ಆ ಸದ್ದನ್ನು ನಾನು ಅಷ್ಟು ಸಲ ಹುಡುಕಿ ಸವೆಸಿದ್ದೆ.

ಕಾರಿನ ಹಿಂದೆ ಎರಡು ಬೈಕು, ಒಂದು ಟ್ರ್ಯಾಕ್ಟರ್ ಸಾಲು ನಿಂತಿದ್ದವು. ಅವನು ಕೆಲಸ ಮಾಡುತ್ತಲೇ ಆಗಾಗ ನನ್ನ ಕಡೆ ನೋಡುತ್ತಿದ್ದ, ಉತ್ತರ ಬಂತೇ ಎಂಬಂತೆ. ಅರಸೀಕೆರೆಯ ಬಸ್ಸು ಬರುವವರೆಗೂ ಅಲ್ಲೇ ನಿಂತಿದ್ದೆ.